ನಿಮಗಿದು ಗೊತ್ತೇ? ಪತ್ರಕರ್ತರು ತಯಾರಾಗುವುದು ಹೀಗೆ

ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆ ಬಾಗಿಲು ತೆರೆದದ್ದು 1908ರ ಸೆಪ್ಟೆಂಬರ್ 14ರಂದು. ವಿದ್ಯಾರ್ಥಿಗಳ ಪತ್ರಿಕೆಯ ಮೊದಲ ಸಂಚಿಕೆ ಹೊರಬಂದದ್ದೂ ಅದೇ ದಿನ! ಆ ಪತ್ರಿಕೆ ಇಂದಿಗೂ 'ಕೊಲಂಬಿಯಾ ಮಿಸೌರಿಯನ್' ಹೆಸರಿನಲ್ಲಿ ನಡೆಯುತ್ತಿದೆ, ಕೊಲಂಬಿಯಾ ಎಂಬ ಆ ಊರಿನ ಜನರಿಗಾಗಿಯೇ. ನಗರಸಭೆ, ಕೋರ್ಟು, ಪೊಲೀಸ್ ಠಾಣೆ ಸುತ್ತಿ ಸುದ್ದಿ ತರುವವರು ವಿದ್ಯಾರ್ಥಿಗಳು. ತಿದ್ದುವವರು ಅನುಭವಿ ಸಂಪಾದಕರು. ತಪ್ಪು ಬರೆದರೆ ಅಂಕ ಹೋಗುವುದಷ್ಟೇ ಅಲ್ಲ, ಮರುದಿನ ಊರೇ ಕೇಳುತ್ತದೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ.

ಆ ಶಾಲೆ ಕಟ್ಟಿದ ವಾಲ್ಟರ್ ವಿಲಿಯಮ್ಸ್ ಸ್ವತಃ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಮುದ್ರಣಾಲಯದಲ್ಲಿ ಕೆಲಸ ಕಲಿತು ಸಂಪಾದಕರಾದವರು. 1931ರಲ್ಲಿ ಅದೇ ವಿಶ್ವವಿದ್ಯಾಲಯದ ಅಧ್ಯಕ್ಷರಾದರು!

ಜರ್ಮನಿಯ ದಾರಿ ಬೇರೆ. ಲೈಪ್‌ಜಿಗ್‌ನಲ್ಲಿ 1916ರಲ್ಲೇ ಪತ್ರಿಕಾಧ್ಯಯನ ಸಂಸ್ಥೆ ತೆರೆದ ಕಾರ್ಲ್ ಬ್ಯೂಷರ್ ಅರ್ಥಶಾಸ್ತ್ರಜ್ಞರು. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಪತ್ರಿಕೆ ಒಂದು ಶಾಸ್ತ್ರವಾಗಿ ಬೆಳೆಯಿತು. ಕಸುಬು ಕಲಿಯಲು ಮಾತ್ರ ಬಹುತೇಕರು ಸುದ್ದಿಮನೆಗೇ ಹೋಗುತ್ತಾರೆ: ಸಾಮಾನ್ಯವಾಗಿ ಎರಡು ವರ್ಷದ, ಸಂಬಳ ಕೊಡುವ ತರಬೇತಿ. ಅದರ ಹೆಸರು 'ವೊಲೊಂಟಾರಿಯಾಟ್'.

ಜಪಾನಿನ ದೊಡ್ಡ ಪತ್ರಿಕೆಗಳು ಪತ್ರಿಕೋದ್ಯಮದ ಪದವಿಯನ್ನೇ ಕೇಳುವುದಿಲ್ಲ. ಯಾವ ವಿಷಯ ಓದಿದ್ದರೂ ಸರಿ, ಪರೀಕ್ಷೆ ನಡೆಸಿ ಆರಿಸಿಕೊಂಡು, ಹೊಸಬರನ್ನು ಜಿಲ್ಲಾ ಕಚೇರಿಗಳಿಗೆ ಅಟ್ಟುತ್ತವೆ. ಮೊದಲ ಪಾಠ ಬಹುಮಟ್ಟಿಗೆ ಪೊಲೀಸ್ ಸುದ್ದಿ.

ಬ್ರೆಜಿಲ್‌ನಲ್ಲಿ ಇದಕ್ಕೆ ತದ್ವಿರುದ್ಧ ಕಾಲವೊಂದಿತ್ತು. 1969ರಲ್ಲಿ ಮಿಲಿಟರಿ ಆಡಳಿತ ಪತ್ರಕರ್ತರಿಗೆ ಪತ್ರಿಕೋದ್ಯಮ ಪದವಿಯನ್ನು ಕಡ್ಡಾಯ ಮಾಡಿತು. ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಅದು ಅಡ್ಡಿ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ತೆಗೆದುಹಾಕಿತು. ಸರಿಯಾದ ತೀರ್ಪು. ಬರೆಯುವ ಹಕ್ಕಿಗೆ ಸರ್ಟಿಫಿಕೇಟು ಯಾಕೆ ಬೇಕು?

ಬ್ರಿಟನ್ನಿನಲ್ಲಿ ನಿಮಿಷಕ್ಕೆ 100 ಪದಗಳ ಶೀಘ್ರಲಿಪಿಗೆ ಇಂದಿಗೂ ಗೌರವವಿದೆ. ಎಲ್ಲರ ಕೈಯಲ್ಲೂ ಮೊಬೈಲ್ ಇರುವ ಕಾಲದಲ್ಲೇ? ಹೌದು. ಅಲ್ಲಿನ ನ್ಯಾಯಾಲಯಗಳಲ್ಲಿ ಅನುಮತಿಯಿಲ್ಲದೆ ಧ್ವನಿಮುದ್ರಣ ಮಾಡುವಂತಿಲ್ಲ.

ಫಿನ್‌ಲೆಂಡ್‌ನಲ್ಲಿ ಪತ್ರಿಕೋದ್ಯಮ ಶಿಕ್ಷಣ 1925ರಲ್ಲಿ ಹೆಲ್ಸಿಂಕಿಯಲ್ಲಿ ಶುರುವಾಗಿ, 1960ರಲ್ಲಿ ತಾಂಪೆರೆಗೆ ಸ್ಥಳಾಂತರವಾಯಿತು.

ನಮ್ಮಲ್ಲಿ? 1951ರಲ್ಲೇ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿ ಬೆಳೆಸಿದವರು ನಾಡಿಗ ಕೃಷ್ಣಮೂರ್ತಿ.

ಈ ವರ್ಷ ಪತ್ರಿಕೋದ್ಯಮಕ್ಕೆ ಸೇರಬೇಕೆಂದಿದ್ದೀರಾ? ಶುಲ್ಕ, ಕಟ್ಟಡ ವಿಚಾರಿಸುವ ಮೊದಲು ಇಷ್ಟು ಕೇಳಿ: ವಿಭಾಗದಿಂದ ಪತ್ರಿಕೆ ಬರುತ್ತದೆಯೇ, ಕಾಲೇಜಿನ ಆಚೆ ಅದನ್ನು ಯಾರು ಓದುತ್ತಾರೆ?