ಸೇನಾ ಭರ್ತಿಗೆ ಓಡುತ್ತಿದ್ದೀರಾ? ಒಂಟಿ ಕಾಲಲ್ಲೂ ನಿಂತು ನೋಡಿ

ಸೇನಾ ಭರ್ತಿ ರ‍್ಯಾಲಿಗೆ ತಯಾರಾಗುವ ಹುಡುಗರ ಬಾಯಲ್ಲಿ 1.6 ಕಿ.ಮೀ. ಓಟ ಮತ್ತು ಪುಲ್‌ಅಪ್‌ಗಳದ್ದೇ ಮಾತು. ಅಂಕ ಸಿಗುವುದು ಅವೆರಡಕ್ಕೇ. 9 ಅಡಿ ಹಳ್ಳ ಹಾರುವುದಕ್ಕೂ ಜಿಗ್‌ಜಾಗ್ ಬ್ಯಾಲೆನ್ಸ್‌ಗೂ ಅಂಕವಿಲ್ಲ, ಪಾಸಾದರೆ ಸಾಕು. ಹಾಗಾಗಿ ಅಭ್ಯಾಸದಲ್ಲಿ ಇವೆರಡೂ ಹಿಂದೆ ಬೀಳುತ್ತವೆ. ಪಾಸಾಗದಿದ್ದರೆ ಓಟದ ಅಂಕವೂ ಉಪಯೋಗಕ್ಕೆ ಬರುವುದಿಲ್ಲ.

ಜಿಗ್‌ಜಾಗ್ ಬ್ಯಾಲೆನ್ಸ್ ಎಂದರೆ ಅಂಕುಡೊಂಕಾದ ಕಿರಿದಾದ ತೊಲೆಯ ಮೇಲೆ ಬೀಳದೆ ನಡೆದು ದಾಟುವುದು. ಕಷ್ಟವಿರುವುದು ತಿರುವಿನಲ್ಲಿ. ಅಲ್ಲಿ ಮೈಭಾರವೆಲ್ಲ ಒಂದೇ ಪಾದದ ಮೇಲಿರುತ್ತದೆ, ಜೊತೆಗೆ ಸೊಂಟವೂ ತಿರುಗುತ್ತಿರುತ್ತದೆ.

ದೇಹಕ್ಕೆ ಸಮತೋಲನದ ಸುಳಿವು ಸಿಗುವುದು ಕಣ್ಣು, ಒಳಕಿವಿ, ಸ್ನಾಯು-ಕೀಲುಗಳಿಂದ. ಕೊನೆಯದನ್ನು ಪ್ರೊಪ್ರಿಯೊಸೆಪ್ಷನ್ ಎನ್ನುತ್ತಾರೆ, ಅಂದರೆ ಕೈಕಾಲು ಎಲ್ಲಿದೆ ಎಂಬುದು ನೋಡದೆಯೇ ತಿಳಿಯುವುದು. ಕಾಲು ಉಳುಕಿದರೆ ಈ ಅರಿವು ಮಂಕಾಗುತ್ತದೆ. ಊತ ಇಳಿದ ಮಾತ್ರಕ್ಕೆ ಅದು ಪೂರ್ತಿ ಮರಳಿತು ಎನ್ನಲಾಗದು. ಮತ್ತೆ ಮತ್ತೆ ಅದೇ ಕಾಲು ಉಳುಕುವುದಕ್ಕೆ ಇದೂ ಒಂದು ಕಾರಣ. ಬೂಟು ತೊಟ್ಟು, ಬೆನ್ನಿಗೆ ಭಾರ ಹೊತ್ತು ನಡೆಯುವ ಸೈನಿಕನಿಗೆ ಇದು ಸಣ್ಣ ವಿಷಯವಲ್ಲ.

ನಿಮ್ಮ ಕಾಲು ಹೇಗಿದೆ ಎಂದು ಮನೆಯಲ್ಲೇ ಅಳೆಯಬಹುದು. ಕ್ರೀಡಾಪಟುಗಳಿಗೂ ಸೈನಿಕರಿಗೂ ಮಾಡುವ ವೈ-ಬ್ಯಾಲೆನ್ಸ್ ಪರೀಕ್ಷೆಯ ಸರಳ ರೂಪವಿದು. ನೆಲದ ಮೇಲೆ ಮೂರು ಟೇಪ್ ಅಂಟಿಸಿ: ಒಂದು ನೇರ ಮುಂದಕ್ಕೆ, ಎರಡು ಹಿಂದಕ್ಕೆ ಓರೆಯಾಗಿ. ಹಿಂದಿನ ಎರಡರ ನಡುವೆ 90 ಡಿಗ್ರಿ ಇರಲಿ. ಮೂರೂ ಸೇರುವಲ್ಲಿ ಬರಿಗಾಲಲ್ಲಿ, ಒಂದೇ ಪಾದದ ಮೇಲೆ ನಿಲ್ಲಿ. ಕೈ ಸೊಂಟದ ಮೇಲಿರಲಿ. ಇನ್ನೊಂದು ಕಾಲನ್ನು ಟೇಪಿನುದ್ದಕ್ಕೂ ಎಟುಕುವಷ್ಟು ಚಾಚಿ, ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ಹಿಂದಕ್ಕೆ ತನ್ನಿ. ಊರಿದ ಹಿಮ್ಮಡಿ ಎದ್ದರೆ ಅಥವಾ ಚಾಚಿದ ಕಾಲಿನ ಮೇಲೆ ಭಾರ ಬಿದ್ದರೆ ಲೆಕ್ಕಕ್ಕಿಲ್ಲ. ನಾಲ್ಕಾರು ಸಲ ಅಭ್ಯಾಸ ಮಾಡಿಕೊಂಡ ಮೇಲೆ ಅಳೆಯಿರಿ. ನಂತರ ಕಾಲು ಬದಲಿಸಿ.

ಎಷ್ಟಿದ್ದರೆ ಸರಿ? ಎತ್ತರದವರ ಕಾಲು ಹೆಚ್ಚು ದೂರ ಚಾಚುತ್ತದೆ, ಆದ್ದರಿಂದ ಗೆಳೆಯನ ಅಳತೆಗೆ ಹೋಲಿಸಬೇಡಿ. ನಿಮ್ಮದೇ ಎಡಗಾಲು-ಬಲಗಾಲು ಹೋಲಿಸಿ. ಮುಂದಿನ ಗೆರೆಯಲ್ಲಿ 4 ಸೆಂ.ಮೀ. ಅಥವಾ ಹೆಚ್ಚು ವ್ಯತ್ಯಾಸ ಕಂಡರೆ ಗಮನ ಕೊಡಿ. ಅಮೆರಿಕದ ಪ್ರೌಢಶಾಲಾ ಬ್ಯಾಸ್ಕೆಟ್‌ಬಾಲ್ ಆಟಗಾರರ ಕುರಿತು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥವರಿಗೆ ಗಾಯದ ಅಪಾಯ ಹೆಚ್ಚು ಕಂಡಿತ್ತು.

ಫಂಕ್ಷನಲ್ ಮೂವ್‌ಮೆಂಟ್ ಸ್ಕ್ರೀನ್ ಎಂಬ ಇನ್ನೊಂದು ಪರೀಕ್ಷೆಯಿದೆ. ಆಳವಾಗಿ ಕುಕ್ಕರಗಾಲಲ್ಲಿ ಕೂರುವುದು ಸೇರಿ ಏಳು ಚಲನೆಗಳು, ಒಟ್ಟು 21 ಅಂಕ. ಯಾವ ಚಲನೆಯಲ್ಲಿ ನೋವಾದರೂ ಅದಕ್ಕೆ ಸೊನ್ನೆ. ಅಮೆರಿಕದ ಮರೀನ್ ಅಧಿಕಾರಿ ಅಭ್ಯರ್ಥಿಗಳಲ್ಲಿ 14 ಮತ್ತು ಅದಕ್ಕಿಂತ ಕಡಿಮೆ ಅಂಕದವರಿಗೆ ಗಾಯ ಹೆಚ್ಚಾಗಿತ್ತು. ಹಾಗೆಂದು ಈ ಅಂಕಗಳನ್ನು ಜಾತಕದಂತೆ ಓದಬೇಡಿ. ಕಡಿಮೆ ಬಂದವರೆಲ್ಲ ಗಾಯಗೊಳ್ಳುವುದಿಲ್ಲ.

ಓಟ ಕಡಿಮೆ ಮಾಡಬೇಕೇ? ಬೇಡ. ಓಡಿ ಬಂದ ಮೇಲೆ, ದಣಿದ ಕಾಲಲ್ಲೇ, ಒಂದೊಂದು ಕಾಲಲ್ಲಿ ಅರ್ಧ ನಿಮಿಷ ನಿಲ್ಲಿ. ರೂಢಿಯಾದರೆ ಗೋಡೆ ಪಕ್ಕ ಕಣ್ಣು ಮುಚ್ಚಿ ನಿಲ್ಲಿ. ನೆಲದ ಮೇಲೆ ಡೊಂಕು ಗೆರೆ ಎಳೆದು ನಡೆಯಿರಿ, ಆಮೇಲೆ ನೆಲಕ್ಕೆ ಹತ್ತಿರವಿರುವ ಅಲುಗಾಡದ ಹಲಗೆಯ ಮೇಲೆ.

ಖರ್ಚೆಂದರೆ ಟೇಪು, ಅಳತೆಪಟ್ಟಿ ಅಷ್ಟೇ. ದುಬಾರಿ ಕಿಟ್ ಬೇಕಿಲ್ಲ. ನಿಂತಾಗ ನೋವಿದ್ದರೆ ಅಥವಾ ಕಾಲು ಪದೇ ಪದೇ ಉಳುಕುತ್ತಿದ್ದರೆ ಅಭ್ಯಾಸ ನಿಲ್ಲಿಸಿ, ಜಿಲ್ಲಾ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಭರ್ತಿ ಪರೀಕ್ಷೆಯ ನಿಯಮಗಳು ಆಗಾಗ ಬದಲಾಗುತ್ತವೆ. ಬೆಂಗಳೂರು, ಬೆಳಗಾವಿ, ಮಂಗಳೂರು, ಹೀಗೆ ನಿಮ್ಮ ಜಿಲ್ಲೆ ಯಾವ ಸೇನಾ ನೇಮಕಾತಿ ಕಚೇರಿಗೆ ಸೇರುತ್ತದೋ ಅದರ ಈ ವರ್ಷದ ಅಧಿಸೂಚನೆಯನ್ನು ಓದಿಕೊಳ್ಳಿ.