ಮಕ್ಕಳಿಂದ ಮಕ್ಕಳಿಗೆ ಪಾಠ: ಶಾಲಾ ಕಲಿಕಾ ಸಂಘ ಮತ್ತು ವಡೋದರಾದ ಅನುಭವ

ಮೂರನೆಯ ತರಗತಿಯಲ್ಲಿ ಕುಳಿತಿರುವ ಮಗು ಮೂರನೆಯ ತರಗತಿಯ ಪಾಠವನ್ನು ಕಲಿಯುತ್ತಿದೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಗುಜರಾತಿನ ವಡೋದರಾ ನಗರದ ಮಹಾನಗರಪಾಲಿಕೆ ಶಾಲೆಗಳಲ್ಲಿ ಈ ಶತಮಾನದ ಆರಂಭದಲ್ಲಿ ನಡೆದ ಪರೀಕ್ಷೆಯೊಂದು ಈ ಭಾವನೆಯನ್ನು ಅಲುಗಾಡಿಸಿತು. ಮೂರನೆಯ ತರಗತಿಯ ಮಕ್ಕಳ ಪೈಕಿ ಒಂದನೆಯ ತರಗತಿಯ ಮಟ್ಟದ ಗಣಿತದ ಪ್ರಶ್ನೆಗಳಿಗೆ ಸರಿಯುತ್ತರ ಬರೆಯಬಲ್ಲವರು ಶೇಕಡ 19.5ರಷ್ಟು ಮಾತ್ರವೆಂದು ಕಂಡುಬಂದಿತು. ಇದೇ ವಡೋದರಾ ಸಂಸ್ಥಾನದಲ್ಲಿ ಮೂರನೆಯ ಸಯಾಜಿರಾವ್ ಗಾಯಕವಾಡ ಮಹಾರಾಜರು ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು 1893ರಲ್ಲಿ ಅಮ್ರೇಲಿ ಭಾಗದಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ, 1906ರಲ್ಲಿ ಸಂಸ್ಥಾನದಾದ್ಯಂತ ಜಾರಿಗೆ ತಂದಿದ್ದರು. ಮಕ್ಕಳನ್ನು ಶಾಲೆಗೆ ಕರೆತರುವ ಕಾರ್ಯ ಒಂದು. ಬಂದ ಮಗು ಕಲಿಯುವಂತೆ ಮಾಡುವುದು ಇನ್ನೊಂದು. ಹಿಂದುಳಿದ ಮಗು ಪಾಠ ಅರ್ಥವಾಗದೆ ವರ್ಷಗಟ್ಟಲೆ ಮೌನವಾಗಿ ಕುಳಿತು, ಕೊನೆಗೊಂದು ದಿನ ಶಾಲೆಯನ್ನೇ ಬಿಡುತ್ತದೆ. ಮೇಲಿನ ತರಗತಿಯ ವಿದ್ಯಾರ್ಥಿಗಳು ಕಿರಿಯರಿಗೆ ಪಾಠ ಹೇಳುವ ಕಲಿಕಾ ಸಂಘಗಳ ಉಪಯುಕ್ತತೆ ಇರುವುದು ಇಲ್ಲಿಯೇ.

ಹೊಸ ಕಲ್ಪನೆಯಲ್ಲ

ನಮ್ಮ ಕೂಲಿಮಠಗಳನ್ನು ಕಂಡ ಹಿರಿಯರಿಗೆ ಈ ಪದ್ಧತಿ ಅಪರಿಚಿತವಲ್ಲ. ಅಯ್ಯನವರ ಪರವಾಗಿ ಹಿರೇಮಣಿಯು ಚಿಕ್ಕವರ ಕೈಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದನು. ಬಳ್ಳಾರಿಯ ಕಲೆಕ್ಟರರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದರಾಸು ಸರ್ಕಾರಕ್ಕೆ ಸಲ್ಲಿಸಿದ ವರದಿಯಲ್ಲಿ ಜಿಲ್ಲೆಯ 533 ಶಾಲೆಗಳ ಲೆಕ್ಕವಿದೆ. ಅವುಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ಮುಂದುವರಿದ ವಿದ್ಯಾರ್ಥಿಗಳು ಹಿಂದಿನವರಿಗೆ ಕಲಿಸುತ್ತ ತಮ್ಮ ವಿದ್ಯೆಯನ್ನೂ ದೃಢಪಡಿಸಿಕೊಳ್ಳುವ ಕ್ರಮವನ್ನು ಅವರು ಮುಕ್ತಕಂಠದಿಂದ ಹೊಗಳಿ, ಇಂಗ್ಲೆಂಡಿನಲ್ಲಿ ಅದರ ಅನುಕರಣೆ ನಡೆದಿರುವುದು ಯೋಗ್ಯವೇ ಎಂದಿದ್ದಾರೆ. ಮದರಾಸಿನ ಎಗ್ಮೋರಿನ ಅನಾಥಾಲಯದಲ್ಲಿ ಆಂಡ್ರೂ ಬೆಲ್ ಎಂಬ ಪಾದ್ರಿ ಈ ಪದ್ಧತಿಯನ್ನು ಅಳವಡಿಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ್ದರು. ನಮ್ಮ ಜಗಲಿಯಿಂದ ಹೋದದ್ದು ಅಲ್ಲಿ ‘ಮದರಾಸು ಪದ್ಧತಿ’ ಎನಿಸಿತು.

ಬಾಲಸಖಿಯರು

ವಡೋದರಾದಲ್ಲಿಯೂ ಮುಂಬಯಿಯಲ್ಲಿಯೂ ‘ಪ್ರಥಮ್’ ಸ್ವಯಂಸೇವಾ ಸಂಸ್ಥೆಯು ಕೈಗೊಂಡ ಬಾಲಸಖಿ ಕಾರ್ಯಕ್ರಮವು ಇದರ ನಿಕಟ ಬಂಧುವೆನ್ನಬಹುದು. ಇಲ್ಲಿ ಪಾಠ ಹೇಳಿದವರು ವಿದ್ಯಾರ್ಥಿಗಳಲ್ಲ. ಪ್ರೌಢಶಿಕ್ಷಣ ಪಡೆದ, ಅದೇ ಬಡಾವಣೆಯ ಯುವತಿಯರು. ಅವರಿಗೆ ಎರಡು ವಾರಗಳ ತರಬೇತಿ ನೀಡಿ, ತಿಂಗಳಿಗೆ 500ರಿಂದ 750 ರೂಪಾಯಿಗಳ ಗೌರವಧನ ಕೊಡಲಾಗುತ್ತಿತ್ತು. ಮೂರನೆಯ ಮತ್ತು ನಾಲ್ಕನೆಯ ತರಗತಿಗಳಲ್ಲಿ ಹಿಂದುಳಿದ ಹದಿನೈದು ಇಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಪ್ರತ್ಯೇಕವಾಗಿ ಕೂರಿಸಿಕೊಂಡು, ಹಿಂದಿನ ತರಗತಿಗಳಲ್ಲಿಯೇ ಬರಬೇಕಾಗಿದ್ದ ಓದು, ಎಣಿಕೆ, ಕೂಡುವ-ಕಳೆಯುವ ಲೆಕ್ಕಗಳನ್ನು ಅವರು ಕಲಿಸುತ್ತಿದ್ದರು.

2001ರಿಂದ 2003ರವರೆಗೆ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಇದರ ಮೌಲ್ಯಮಾಪನ ನಡೆಸಿದರು. (ಈ ಇಬ್ಬರಿಗೂ 2019ರಲ್ಲಿ ಮೈಕೆಲ್ ಕ್ರೀಮರ್ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.) ಬಾಲಸಖಿಯರಿದ್ದ ಶಾಲೆಗಳಲ್ಲಿ ಮಕ್ಕಳ ಅಂಕಗಳು ಗಣನೀಯವಾಗಿ ಏರಿದವು, ಎರಡನೆಯ ವರ್ಷದ ಪ್ರಗತಿ ಮೊದಲ ವರ್ಷದ ಸುಮಾರು ಇಮ್ಮಡಿಯಾಯಿತು. ಆದರೆ ಅಂಕಿಗಳಿಗಿಂತ ಹೆಚ್ಚಿನ ಮಹತ್ವ ಇನ್ನೆರಡು ಸಂಗತಿಗಳಿಗೆ ಇದೆ. ಮೊದಲನೆಯದಾಗಿ, ಲಾಭ ದೊರೆತದ್ದು ಬಾಲಸಖಿಯ ಬಳಿಗೆ ಹೋದ ಮಕ್ಕಳಿಗೇ. ಅವರು ಎದ್ದುಹೋದುದರಿಂದ ತರಗತಿಯ ಗಾತ್ರ ಕಿರಿದಾದರೂ ಉಪಾಧ್ಯಾಯರ ಬಳಿ ಉಳಿದವರಲ್ಲಿ ಅಂತಹ ಸುಧಾರಣೆ ಕಾಣಲಿಲ್ಲ. ಅಂದರೆ ಪಾಠವು ಮಗುವಿನ ಮಟ್ಟಕ್ಕೆ ಇಳಿದು ಬರಬೇಕು. ಬೆಂಚು ಖಾಲಿಯಾದರಷ್ಟೇ ಸಾಲದು. ಎರಡನೆಯದಾಗಿ, ಕಾರ್ಯಕ್ರಮ ನಿಂತು ಒಂದು ವರ್ಷ ಕಳೆಯುವುದರೊಳಗೆ ಈ ಲಾಭದ ಹೆಚ್ಚಿನ ಪಾಲು ಕರಗಿ, ಅಲ್ಪಾಂಶ ಮಾತ್ರ ಉಳಿಯಿತು. ಉತ್ಸಾಹದಿಂದ ಉದ್ಘಾಟನೆಗೊಂಡು ಪರೀಕ್ಷೆ ಮುಗಿದೊಡನೆ ಕಣ್ಮರೆಯಾಗುವ ಸಂಘಗಳನ್ನು ನಾವೆಲ್ಲರೂ ಕಂಡಿದ್ದೇವೆ. ಅಂತಹವುಗಳಿಂದ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಲಾಗದು.

ಸಂಘದ ಸ್ಥಾಪನೆ

ರಾಷ್ಟ್ರೀಯ ಶಿಕ್ಷಣ ನೀತಿ, 2020, ಸಹಪಾಠಿಗಳಿಗೆ ಪಾಠ ಹೇಳುವುದನ್ನು ತರಬೇತಿ ಪಡೆದ ಶಿಕ್ಷಕರ ಮೇಲ್ವಿಚಾರಣೆಯಲ್ಲಿ ನಡೆಯುವ ಸ್ವಯಂಪ್ರೇರಿತ, ಸಂತೋಷದಾಯಕ ಚಟುವಟಿಕೆಯಾಗಿ ಸೂಚಿಸಿದೆ. ಇಲ್ಲಿ ‘ಮೇಲ್ವಿಚಾರಣೆ’ ಎಂಬ ಪದವನ್ನು ಮರೆಯಲಾಗದು. ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅರಿತು ಅಗತ್ಯವಿದ್ದಲ್ಲಿ ಹೆಚ್ಚುವರಿ ಬೋಧನೆ ನೀಡುವುದು ಶಿಕ್ಷಣ ಹಕ್ಕು ಅಧಿನಿಯಮ, 2009ರ ಪ್ರಕಾರ ಶಿಕ್ಷಕರ ಕರ್ತವ್ಯ. ಸಂಘವು ಅವರಿಗೆ ನೆರವೇ ಹೊರತು ಬದಲಿಯಲ್ಲ.

ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಒಬ್ಬ ಶಿಕ್ಷಕರ ಹೊಣೆಯಲ್ಲಿ ಏಳು ಅಥವಾ ಎಂಟನೆಯ ತರಗತಿಯ ಹತ್ತು ಹನ್ನೆರಡು ಮಂದಿಯಿಂದ ಆರಂಭಿಸಿದರೆ ಸಾಕು. ಬೋಧಕರಾಗಲು ಪ್ರಥಮ ಶ್ರೇಣಿಯವರೇ ಆಗಬೇಕೆಂದಿಲ್ಲ. ತಾವೂ ಎಡವಿ ಕಲಿತವರು ಕಿರಿಯರ ತೊಡಕನ್ನು ಬೇಗ ಗುರುತಿಸುತ್ತಾರೆ. ಒಬ್ಬರಿಗೆ ಮೂರು ನಾಲ್ಕಕ್ಕಿಂತ ಹೆಚ್ಚು ಮಕ್ಕಳನ್ನು ವಹಿಸಬಾರದು. ಮೊದಲ ವಾರದಲ್ಲಿ ಪಾಠವನ್ನೇ ಮಾಡದೆ, ಮಗು ಅಕ್ಷರ ಗುರುತಿಸುವುದೇ, ಪದ ಓದುವುದೇ, ಪುಟ್ಟ ಕಥೆಯನ್ನು ಓದಬಲ್ಲದೇ, ಎರಡಂಕಿಯ ಸಂಖ್ಯೆ ತಿಳಿದಿದೆಯೇ, ದಶಕ ತೆಗೆದುಕೊಂಡು ಕಳೆಯಬಲ್ಲದೇ ಎಂಬುದನ್ನು ಮಾತ್ರ ನೋಡಬೇಕು. 2005ರಿಂದ ಪ್ರಕಟವಾಗುತ್ತಿರುವ ‘ಅಸರ್’ ವರದಿಗಳು ಬಳಸುವುದೂ ಬಹುಮಟ್ಟಿಗೆ ಇಂತಹ ಸರಳ ಅಳತೆಗೋಲನ್ನೇ. ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಪಾಠ ಆರಂಭವಾಗಲಿ. ಉತ್ತರವನ್ನು ತಾವೇ ಹೇಳಿಬಿಡದೆ ಕಾಯುವುದನ್ನು ಹಿರಿಯ ವಿದ್ಯಾರ್ಥಿಗಳಿಗೆ ಕಲಿಸುವುದು ಅತ್ಯಂತ ಕಷ್ಟದ ಕೆಲಸವೆಂಬುದು ಶಿಕ್ಷಕರಿಗೆ ಗೊತ್ತು.

ಉಪಕರಣಗಳಿಗೆ ಹಣ ಬೇಕಿಲ್ಲ. ಹುಣಸೆ ಬೀಜ, ಹತ್ತರ ಕಡ್ಡಿಕಟ್ಟು ಸಾಕು. ಅಹಮದಾಬಾದಿನಲ್ಲಿ ಡಾ. ವಿಕ್ರಮ್ ಸಾರಾಭಾಯಿಯವರು 1960ರ ದಶಕದಲ್ಲಿ ಸ್ಥಾಪಿಸಿದ, ಈಗ ಅವರ ಹೆಸರನ್ನೇ ಹೊತ್ತಿರುವ ಸಮುದಾಯ ವಿಜ್ಞಾನ ಕೇಂದ್ರವು ಗಣಿತವನ್ನು ಮುಟ್ಟಿ ನೋಡಿ ಕಲಿಯುವ ಕ್ರಮಕ್ಕೆ ಪ್ರಸಿದ್ಧವಾಗಿದೆ.

ಸೂರತ್ತಿನ ಸ್ಥಿತಿ ಭಿನ್ನ. ಜವಳಿ ಮತ್ತು ವಜ್ರದ ಉದ್ಯಮಗಳನ್ನು ಅರಸಿ ದೂರದ ಪ್ರಾಂತಗಳಿಂದ ಬಂದ ಕುಟುಂಬಗಳಿಗಾಗಿ ಅಲ್ಲಿನ ನಗರಪಾಲಿಕೆ ಶಾಲೆಗಳು ಗುಜರಾತಿಯಲ್ಲದೆ ಹಿಂದಿ, ಮರಾಠಿ, ಉರ್ದು, ಒಡಿಯಾ, ತೆಲುಗು ಮಾಧ್ಯಮಗಳಲ್ಲಿಯೂ ನಡೆಯುತ್ತವೆ. ದೀಪಾವಳಿಗೆ ವಜ್ರದ ಕೆಲಸಗಾರರು ಸೌರಾಷ್ಟ್ರದ ತಮ್ಮ ಊರುಗಳಿಗೆ ಮರಳುವುದರಿಂದ ಮಕ್ಕಳ ಕಲಿಕೆಯಲ್ಲಿ ಅಂತರ ಬೀಳುವುದು ಸಹಜ. ಇಂತಹ ಕಡೆ ಮನೆಮಾತನ್ನು ಬಲ್ಲ ಹಿರಿಯ ವಿದ್ಯಾರ್ಥಿಯೊಬ್ಬನ ನೆರವು ಅಮೂಲ್ಯ. ಗಡಿ ಜಿಲ್ಲೆಗಳ ನಮ್ಮ ಶಾಲೆಗಳಿಗೂ, ದುಡಿಮೆಗಾಗಿ ವಲಸೆ ಹೋಗುವ ಕುಟುಂಬಗಳಿರುವ ಹಳ್ಳಿಗಳಿಗೂ ಇದು ಅನ್ವಯಿಸುತ್ತದೆ.

ಪ್ರಚಾರದ ವಿಷಯದಲ್ಲಿ ಎಚ್ಚರ ಅಗತ್ಯ. ‘ದಡ್ಡರ ಕ್ಲಾಸು’ ಎಂಬ ಹೆಸರು ಒಮ್ಮೆ ಅಂಟಿಕೊಂಡರೆ ಮಕ್ಕಳು ಬರಲಾರರು. ‘ಬಾಲಸಖಿ’ ಎಂಬ ಹೆಸರಿನಲ್ಲಿ ಗೆಳೆತನವಿದೆ, ಕೊರತೆಯ ಸೂಚನೆಯಿಲ್ಲ. ಹಿಂದುಳಿದವರ ಹೆಸರುಗಳನ್ನು ಫಲಕದ ಮೇಲೆ ಬರೆಯುವುದಾಗಲಿ ಪ್ರಾರ್ಥನೆಯ ವೇಳೆ ಓದುವುದಾಗಲಿ ಕೂಡದು. ತಂದೆ ತಾಯಿಗಳಿಗೆ ಶಿಕ್ಷಕರೇ ಖುದ್ದಾಗಿ ತಿಳಿಸಬೇಕು. ಪಾಠ ಹೇಳುವ ಮಕ್ಕಳ ಪೋಷಕರಿಗೂ ತಮ್ಮ ಮಗುವಿನ ಓದಿಗೆ ಹಾನಿಯಾದೀತೆಂಬ ಶಂಕೆ ಇರುತ್ತದೆ. ವಾರಕ್ಕೆ ಮೂರು ದಿನ, ಮುಕ್ಕಾಲು ಗಂಟೆ, ಶಾಲೆಯ ಆವರಣದಲ್ಲಿಯೇ, ಕತ್ತಲಾಗುವ ಮುನ್ನ ಮುಗಿಯುವಂತೆ ಎಂದು ಮೊದಲೇ ನಿಗದಿಪಡಿಸಿದರೆ ಈ ಶಂಕೆ ನಿವಾರಣೆಯಾಗುತ್ತದೆ.

ಏಳನೆಯ ತರಗತಿಯಿಂದಲೂ ಬೋಧಕರನ್ನು ಸೇರಿಸಿಕೊಂಡರೆ ಎಂಟನೆಯವರು ಶಾಲೆ ಬಿಟ್ಟಾಗ ಸಂಘ ನಿಲ್ಲುವುದಿಲ್ಲ. ಮಾರ್ಚಿಯಲ್ಲಿಯೇ ಮುಂದಿನ ವರ್ಷದವರನ್ನು ಆರಿಸಿ, ಪ್ರತಿ ಮಗು ಎಲ್ಲಿಯವರೆಗೆ ತಲುಪಿದೆಯೆಂದು ಬರೆದಿಟ್ಟ ಪುಸ್ತಕವನ್ನು ಅವರ ಕೈಗೆ ಒಪ್ಪಿಸಬೇಕು. ಜೂನ್ ತಿಂಗಳಲ್ಲಿ ಪಾಠ ಆ ಪುಟದಿಂದ ಮುಂದುವರಿಯುತ್ತದೆ.