ಮುಕ್ತ ತಂತ್ರಾಂಶದ ವಿತರಣೆ ಮತ್ತು ಪ್ರತಿಶುದ್ಧಿಯ ಪ್ರಶ್ನೆ

ಗ್ರಂಥಗಳ ಪ್ರತಿಗಳು ಹೇಗೆ ಹರಡಿದವು, ಅವುಗಳಲ್ಲಿ ಯಾವುದು ಶುದ್ಧ, ಯಾವುದು ಕೂಟ ಎಂಬ ವಿಚಾರ ಇತಿಹಾಸದ ಅಭ್ಯಾಸಿಗಳಿಗೆ ಹೊಸದಲ್ಲ. ಅದೇ ಪ್ರಶ್ನೆಯು ಇಂದು ಗಣಕಯಂತ್ರದ ಕ್ಷೇತ್ರದಲ್ಲಿಯೂ ತಲೆದೋರಿದೆ. ಮುಕ್ತ ತಂತ್ರಾಂಶದ ಲೈಬ್ರರಿಗಳು ಅವುಗಳನ್ನು ಬಳಸುವವರ ಕೈಸೇರುವ ಬಗೆಯನ್ನು ವಿವರಿಸಿ, ಅಲ್ಲಿ ನಮ್ಮ ಶಾಸ್ತ್ರದ ವಿಧಾನವು ಎಷ್ಟರಮಟ್ಟಿಗೆ ಸಲ್ಲುವುದೆಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳನ್ನು ನಾವು ಇಲ್ಲಿ ದೃಷ್ಟಿಯಲ್ಲಿಟ್ಟುಕೊಂಡಿದ್ದೇವೆ.

ಮೊದಲು ಲೈಬ್ರರಿ ಎಂದರೇನೆಂಬುದನ್ನು ನೋಡೋಣ. ಅನೇಕ ತಂತ್ರಾಂಶಗಳಿಗೆ ಬೇಕಾಗುವ ಒಂದು ಕೆಲಸವನ್ನು ಒಮ್ಮೆ ಬರೆದಿಟ್ಟು, ಬೇಕಾದವರು ಎತ್ತಿಕೊಂಡು ಬಳಸುವಂತೆ ಮಾಡಿದ ಸಂಕೇತಸಮುಚ್ಚಯವೇ ಲೈಬ್ರರಿ. ‘ಚಿಕ್ಕೋಡಿ’ ಎಂಬ ಹೆಸರನ್ನೇ ತೆಗೆದುಕೊಳ್ಳಬಹುದು. ಯೂನಿಕೋಡ್ ಪದ್ಧತಿಯಲ್ಲಿ ಅದು ಚ, ಇಕಾರ, ಕ, ವಿರಾಮ, ಕ, ಓಕಾರ, ಡ, ಇಕಾರ ಎಂಬ 8 ಸಂಕೇತಗಳ ಸಾಲು ಮಾತ್ರ. ಎರಡನೆಯ ಕಕಾರವನ್ನು ಒತ್ತಾಗಿ ಕೆಳಗಿಳಿಸಿ, ಓಕಾರವನ್ನು ಮೇಲಿನ ಅಕ್ಷರಕ್ಕೆ ಕೂಡಿಸಿ, 3 ಅಕ್ಷರಗಳ ಹೆಸರಾಗಿ ತೋರಿಸುವ ಕೆಲಸವನ್ನು ಹಾರ್ಫ್‌ಬಝ್ ಎಂಬ ಮುಕ್ತ ಲೈಬ್ರರಿ ಮಾಡುತ್ತದೆ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಇವೆಲ್ಲವೂ ಅದನ್ನೇ ನಂಬಿವೆ. ನಿಪ್ಪಾಣಿಯ ಪಕಾರದ ಒತ್ತಿಗೂ ಅದೇ ಗತಿ. ಅಲ್ಲಿ ದೋಷವುಂಟಾದರೆ ನಮ್ಮ ಊರಿನ ಹೆಸರು ನಮ್ಮ ಕಣ್ಣಿಗೇ ಒಡೆದು ಕಾಣುವುದು.

ಒಂದು ಲೈಬ್ರರಿಯು ಇನ್ನೊಂದನ್ನು, ಅದು ಮತ್ತೊಂದನ್ನು ಆಶ್ರಯಿಸಿರುತ್ತದೆ. ಇದಕ್ಕೆ ಅವಲಂಬನೆಯೆಂದು ಹೆಸರು. ಈ ಸರಪಳಿಯನ್ನು ಕೈಯಿಂದ ಜೋಡಿಸುವುದು ದುಸ್ಸಾಧ್ಯವಾದುದರಿಂದ ಸಾರ್ವಜನಿಕ ಭಂಡಾರಗಳು ಹುಟ್ಟಿದವು. ಟೆಕ್ ಅಕ್ಷರಜೋಡಣೆಗಾಗಿ ಸಿಟಾನ್ ಭಂಡಾರವು 1992ರಲ್ಲಿ, ಪರ್ಲ್ ಭಾಷೆಗಾಗಿ ಸಿಪ್ಯಾನ್ 1995ರಲ್ಲಿ, ಪೈಥಾನ್ ಭಾಷೆಗಾಗಿ ಪೈಪಿಐ 2003ರಲ್ಲಿ, ಜಾವಾಸ್ಕ್ರಿಪ್ಟ್‌ಗಾಗಿ ಎನ್‌ಪಿಎಂ 2010ರಲ್ಲಿ ಬಳಕೆಗೆ ಬಂದವು. ಬೇಕಾದುದರ ಹೆಸರನ್ನು ಹೇಳಿದರೆ ಸಾಕು, ಅದರ ಅವಲಂಬನೆಗಳೆಲ್ಲವೂ ಹಿಂಬಾಲಿಸಿ ಬರುತ್ತವೆ. ಒಂದೆಡೆ ಕೆಟ್ಟರೂ ಇನ್ನೊಂದೆಡೆ ಉಳಿಯಲೆಂದು ಇಂತಹ ಹಲವು ಭಂಡಾರಗಳ ಪ್ರತಿಗಳನ್ನು ಬೇರೆ ಬೇರೆ ದೇಶಗಳ ಯಂತ್ರಗಳಲ್ಲಿ ಇರಿಸುವುದುಂಟು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಖ್ಯಾತಳಾದ ಅತ್ತಿಮಬ್ಬೆಯ ಕಾರ್ಯದ ಫಲವೂ ಇದೇ ಬಗೆಯದು. ಪ್ರತಿಗಳು ಹೆಚ್ಚಿದಷ್ಟೂ ಗ್ರಂಥಕ್ಕೆ ಆಯುಸ್ಸು ಹೆಚ್ಚು.

ಆದರೆ ಸೌಕರ್ಯದ ಬೆನ್ನಿಗೇ ಅಪಾಯವೂ ಇದೆ. 2016ರ ಮಾರ್ಚ್ 22ರಂದು ‘ಲೆಫ್ಟ್-ಪ್ಯಾಡ್’ ಎಂಬ 11 ಸಾಲಿನ ಲೈಬ್ರರಿಯನ್ನು ಅದರ ಕರ್ತೃವು ಎನ್‌ಪಿಎಂ ಭಂಡಾರದಿಂದ ಹಿಂತೆಗೆದುಕೊಂಡಾಗ, ಅದನ್ನು ಆಶ್ರಯಿಸಿದ್ದ ಅಸಂಖ್ಯ ತಂತ್ರಾಂಶಗಳ ರಚನೆ ಜಗತ್ತಿನಾದ್ಯಂತ ಕೆಲಕಾಲ ನಿಂತುಹೋಯಿತು. ಇದು ಪ್ರತಿಯೇ ಇಲ್ಲವಾದ ಸಂದರ್ಭ. ಪ್ರತಿಯು ಇದ್ದೂ ಕೆಟ್ಟಿದ್ದ ಸಂದರ್ಭ ಇದಕ್ಕಿಂತ ಭಯಂಕರವಾದುದು. ರೋಗ ತಗುಲಿದ ಬೀಜದ ಕಬ್ಬು ನೋಡಲು ಚೆನ್ನಾಗಿಯೇ ಇದ್ದು, ನೆಟ್ಟ ಹೊಲಕ್ಕೆಲ್ಲ ಕೆಂಪು ಕೊಳೆರೋಗವನ್ನು ಒಯ್ಯುವುದನ್ನು ಕೃಷ್ಣಾತೀರದ ರೈತರು ಬಲ್ಲರು.

2024ರ ಮಾರ್ಚ್ 29ರಂದು ಬೆಳಕಿಗೆ ಬಂದ ಎಕ್ಸ್‌ಝಡ್ ಪ್ರಕರಣವು ಅಂತಹದು. ಕಡತಗಳನ್ನು ಕುಗ್ಗಿಸುವ ಈ ಲೈಬ್ರರಿಯನ್ನು ಬಹುಕಾಲ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ‘ಜಿಯಾ ಟಾನ್’ ಎಂಬ ಹೆಸರಿನಿಂದ ಬಂದವನೊಬ್ಬನು ಎರಡು ವರ್ಷಕ್ಕೂ ಹೆಚ್ಚು ಕಾಲ ನೆರವಾಗಿ, ವಿಶ್ವಾಸ ಗಳಿಸಿ, 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ ಕಳ್ಳದಾರಿಯೊಂದನ್ನು ಅಡಗಿಸಿದನು. ದೂರದ ಯಂತ್ರಗಳೊಳಗೆ ಪ್ರವೇಶ ನೀಡುವ ಎಸ್‌ಎಸ್‌ಎಚ್ ತಂತ್ರಾಂಶವು ಕೆಲವು ಲಿನಕ್ಸ್ ವಿತರಣೆಗಳಲ್ಲಿ ಬಳಸುಬಳಸಾದ ಅವಲಂಬನೆಯಿಂದ ಈ ಲೈಬ್ರರಿಯನ್ನು ಮುಟ್ಟುತ್ತಿತ್ತು. ಪ್ರವೇಶಕ್ಕೆ ಅರ್ಧ ಸೆಕೆಂಡು ತಡವಾಗುವುದನ್ನು ಗಮನಿಸಿ, ಬೆಂಬಿಡದೆ ಶೋಧಿಸಿದ ಆಂಡ್ರೆಸ್ ಫ್ರೋಯಿಂಡ್ ಎಂಬ ತಂತ್ರಜ್ಞರಿಂದ ಅನಾಹುತ ತಪ್ಪಿತು.

ಇಲ್ಲಿ ನಮ್ಮ ಗಮನ ಸೆಳೆಯುವ ಅಂಶವೊಂದಿದೆ. ಕೇಡನ್ನು ಎಚ್ಚರಿಸುವ ಸಾಲುಗಳು ಎಲ್ಲರೂ ನೋಡುವ ಮೂಲಸಂಕೇತದಲ್ಲಿ ಇರಲಿಲ್ಲ. ಹಂಚಲು ಕಟ್ಟಿದ ಗಂಟಿನಲ್ಲಿ ಮಾತ್ರ ಇದ್ದವು. ಮೂಲಕ್ಕೂ ಪ್ರತಿಗೂ ಪಾಠಾಂತರವಿತ್ತು. ಆದರೆ ಎರಡನ್ನೂ ಒತ್ತಟ್ಟಿಗಿಟ್ಟು ಓದಿದವರಿರಲಿಲ್ಲ.

ತಾಮ್ರಪಟಗಳ ಬಳೆಗೆ ಚಾಲುಕ್ಯರು ವರಾಹಮುದ್ರೆಯನ್ನೂ ರಾಷ್ಟ್ರಕೂಟರು ಗರುಡಮುದ್ರೆಯನ್ನೂ ಹಾಕಿಸುತ್ತಿದ್ದರು. ತಂತ್ರಾಂಶದಲ್ಲಿ ಆ ಸ್ಥಾನ ಡಿಜಿಟಲ್ ಸಹಿಯದು. ಇದರೊಡನೆ ಕಡತದಿಂದಲೇ ಗಣಿಸಿದ 64 ಅಂಕಾಕ್ಷರಗಳ ಗುರುತೊಂದುಂಟು. ಒಂದು ಅಕ್ಷರ ಬದಲಾದರೂ ಗುರುತು ಬದಲಾಗುವುದು. ಇವು ಅವಶ್ಯ, ಆದರೆ ಸಾಲವು. ಎಕ್ಸ್‌ಝಡ್ ಪ್ರಕರಣದಲ್ಲಿ ಸಹಿಯು ಅಧಿಕೃತ ಪಾಲಕನದೇ ಆಗಿತ್ತು. ಮುದ್ರೆ ನಿಜ, ಬರಹ ಕೂಟ! ಡಾ. ಫ್ಲೀಟ್ ಅವರು ಹಲವು ತಾಮ್ರಪಟಗಳನ್ನು ಕೂಟಶಾಸನಗಳೆಂದು ನಿರ್ಣಯಿಸಿದುದು ಮುದ್ರೆಯನ್ನು ನೋಡಿಯಲ್ಲ. ಲಿಪಿ, ತಿಥಿ, ವಂಶಾವಳಿಗಳನ್ನು ಒಳಹೊಕ್ಕು ತಾಳೆನೋಡಿ. ಅದೇ ಕ್ರಮವು ಇಲ್ಲಿಯೂ ಬೇಕು. ಮೂಲಸಂಕೇತದಿಂದ ಬೇರೆಬೇರೆಯವರು ಸ್ವತಂತ್ರವಾಗಿ ರಚಿಸಿದ ಪ್ರತಿಗಳು ಅಕ್ಷರಶಃ ಒಂದೇ ಆಗಿವೆಯೇ ಎಂದು ಪರೀಕ್ಷಿಸುವ ಪದ್ಧತಿಯನ್ನು ಡೆಬಿಯನ್ ಮೊದಲಾದ ಸಂಘಟನೆಗಳು ಬೆಳೆಸುತ್ತಿರುವುದು ಸರಿಯಾದ ಹೆಜ್ಜೆ.

ಚಿಕ್ಕೋಡಿ, ನಿಪ್ಪಾಣಿಗಳ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಯುವವರೂ ಇದೇ ಭಂಡಾರಗಳಿಂದ ಲೈಬ್ರರಿಗಳನ್ನು ಪಡೆಯುತ್ತಾರೆ. ಬಳಸಿದ ಪ್ರತಿಯೊಂದರ ಆವೃತ್ತಿಯನ್ನೂ ಗುರುತನ್ನೂ ದಾಖಲಿಸಿಡುವುದು, ಪರಿಶೀಲಿಸಿದ ಪ್ರತಿಗಳ ಸ್ಥಳೀಯ ಭಂಡಾರವನ್ನು ಕಾಲೇಜಿನಲ್ಲಿಯೇ ಇರಿಸುವುದು, ಕನ್ನಡ ಅಕ್ಷರಗಳ ದೋಷ ಕಂಡಲ್ಲಿ ಮೂಲ ಪಾಲಕರಿಗೆ ಬರೆದು ತಿಳಿಸುವುದು, ಈ ಮೂರೂ ದೊಡ್ಡ ವೆಚ್ಚದ ಕೆಲಸಗಳಲ್ಲ. ಗಡಿನಾಡಿನಲ್ಲಿ ಕನ್ನಡದ ಹೆಸರು ತೆರೆಯ ಮೇಲೆ ಒಡೆಯದೆ ನಿಲ್ಲುವುದು, ಕೊನೆಗೆ, ಕಾಣದ ಕೆಲವೇ ಪಾಲಕರ ಶ್ರದ್ಧೆಯ ಮೇಲೆ ನಿಂತಿದೆ. ಆ ಭಾರದಲ್ಲಿ ನಮ್ಮವರೂ ಪಾಲುಗೊಳ್ಳುವುದು ಯುಕ್ತ.